ಹದಿನಾರು ಚೌಕದೊಳಗಿನ ಸೆರಗು

2008ರಲ್ಲಿ ನಾನು ಇಳಕಲ್ಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಬೋಧಕಿಯಾಗಿದ್ದೆ. ಹುನಗುಂದದಿಂದ ದಿನಾ ಬಸ್ಸಿನಲ್ಲಿ ಬಂದು ಟ್ಯಾಲಿ, ವರ್ಡ್, ಡಿಟಿಪಿ ಕಲಿಸಿ ಹೋಗುತ್ತಿದ್ದೆ. ಪ್ರೋಗ್ರಾಮಿಂಗ್ ನನಗೆ ಬರುತ್ತಿರಲಿಲ್ಲ. ಆದರೂ ಊರಿನ ಕೈಮಗ್ಗ ನೇಕಾರರ ಒಂದು ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಸೈಟ್ ಬಿಲ್ಡರ್ ಎಂಬ ಸೌಲಭ್ಯದಲ್ಲಿ ಸಿದ್ಧ ಪುಟ ಆರಿಸಿ, ಸೀರೆಗಳ ಫೋಟೊ ಸೇರಿಸಿ, ವಿವರ ಬರೆದು ಪಬ್ಲಿಷ್ ಒತ್ತಿದರೆ ಮುಗಿಯುತ್ತಿತ್ತು. ಒಂದು ಸಾಲು ಕೋಡ್ ಕೂಡ ಬೇಕಿರಲಿಲ್ಲ.

ಸೈಟ್ ಶುರುವಾಗಿ ಕೆಲವು ತಿಂಗಳಾಗಿರಬೇಕು. ಸಂಘದ ಅಧ್ಯಕ್ಷೆ ಗಂಗವ್ವ ಒಂದು ಮಧ್ಯಾಹ್ನ ನನ್ನ ತರಗತಿಯ ಬಾಗಿಲಿಗೇ ಬಂದರು. ಪುಣೆಯ ಸೀರೆ ಅಂಗಡಿಯ ಒಡತಿಯೊಬ್ಬರು ನಮ್ಮ ಸಂಘದಿಂದ ದೊಡ್ಡ ಖರೀದಿ ಮಾಡುವ ಮಾತಾಗಿತ್ತು. ಅವರು ಆರ್ಡರ್ ಕಳಿಸಿಯೂ ಇದ್ದರು. ಕಳಿಸಿದ್ದು ಮಾತ್ರ ನಮಗಲ್ಲ, ಪವರ್‌ಲೂಮಿನ ನಕಲು ಸೀರೆ ಮಾರುವ ಇನ್ನೊಬ್ಬ ವ್ಯಾಪಾರಿಗೆ. ಕೊಂಡಿಯ ಬಗ್ಗೆ, ಅಂದರೆ ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೂಡಿಸುವ ನಮ್ಮ ಕ್ರಮದ ಬಗ್ಗೆ, ಫೋನಿನಲ್ಲಿ ಆ ವ್ಯಾಪಾರಿಯನ್ನು ಕೇಳಿದಾಗಲೇ ಅವರಿಗೆ ತಪ್ಪು ತಿಳಿದದ್ದು. ಸದ್ಯ, ಆರ್ಡರ್ ವಾಪಸ್ ಪಡೆದಿದ್ದರು.

"ಯಾವ ಅಂಗಡಿ ನಮ್ಮದು, ಯಾವುದು ಅವರದು ಅಂತ ಗೊತ್ತ ಆಗಲಿಲ್ಲಂತ, ಶಮೀಮ," ಎಂದರು ಗಂಗವ್ವ. "ಮುಂದಿನ ವಾರ ಪಾಲುದಾರರನ್ನ ಕರಕೊಂಡು ಬಾದಾಮಿ ನೋಡಾಕ ಬಂದಾಗ ಇಲ್ಲಿಗೂ ಬರ್ತಾಳಂತ. ಅವರ ಮುಂದ ಎಲ್ಲಾ ಸೈಟು ತಗದು ತೋರಿಸಿ, ಆಮ್ಯಾಲೆ ಠರಾವು ಮಾಡ್ತಾಳಂತ. ಅಷ್ಟರಾಗ ಏನಾರ ಮಾಡವಾ."

ಅವರು ಹೋದ ಮೇಲೆ ನಾನು ಖರೀದಿದಾರಳಂತೆಯೇ ಮಾಡಿ ನೋಡಿದೆ. ಇಳಕಲ್ ಸೀರೆ ಎಂದು ಹುಡುಕಿ, ಸಿಕ್ಕ ಸೈಟುಗಳನ್ನೆಲ್ಲ ಒಂದೇ ಬ್ರೌಸರಿನಲ್ಲಿ ಬೇರೆ ಬೇರೆ ಟ್ಯಾಬುಗಳಾಗಿ ತೆರೆದೆ. ಟ್ಯಾಬು ಹೆಚ್ಚಾದಂತೆ ಒಂದೊಂದೂ ಕಿರಿದಾಗಿ, ಹೆಸರು ತುಂಡಾಗಿ, ಎಲ್ಲದರ ಮೇಲೂ 'ಇಳಕಲ್ ಸೀ' ಎಂದಷ್ಟೇ ಉಳಿಯಿತು. ಹೆಸರಿನ ಪಕ್ಕದ ಚಿಕ್ಕ ಚಿತ್ರವೂ ಅದೇ: ಸೈಟ್ ಬಿಲ್ಡರ್ ಕಂಪನಿಯ ನೀಲಿ ಗುಂಡು. ಅವರೆಲ್ಲರೂ ಅದೇ ಬಿಲ್ಡರ್ ಬಳಸಿದ್ದರು. ಎಲ್ಲರ ಮನೆಗೂ ಒಂದೇ ಬಾಗಿಲು! ಹೆಸರು ಬದಲಿಸೋಣವೆಂದರೆ ಜನ ಹುಡುಕುವುದೇ ಆ ಹೆಸರಿನಿಂದ. ಉಳಿದದ್ದು ಚಿತ್ರ ಬದಲಿಸುವ ದಾರಿ. ಆ ಚಿತ್ರಕ್ಕೆ ಫೆವಿಕಾನ್ ಎನ್ನುತ್ತಾರೆ.

ಹುಬ್ಬಳ್ಳಿಯಲ್ಲಿ ಪರಿಚಯದ ಒಬ್ಬ ವೆಬ್ ಡಿಸೈನರ್ ಇದ್ದರು. ಫೋನ್ ಮಾಡಿದೆ. "ಅದಕ್ಕ ಕೋಡಿಂಗ್ ಬರಬೇಕ್ರಿ ಮೇಡಂ. ನಿಮ್ಮ ಕೈಲೆ ಆಗಂಗಿಲ್ಲ ಬಿಡ್ರಿ," ಎಂದುಬಿಟ್ಟರು. ಮಾತು ನಾಟಿತು. ಅವತ್ತು ತರಗತಿ ಮುಗಿದ ಮೇಲೆ ಬಿಲ್ಡರಿನ ಸೆಟ್ಟಿಂಗ್ಸ್ ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಹೋದೆ. ಯಾರೂ ಹೋಗದ ಮೂಲೆಯಲ್ಲಿ, ಸೈಟಿನ ಭಾಷೆ ಮತ್ತು ಸಮಯ ಆರಿಸುವ ಸಾಲುಗಳ ಕೆಳಗೆ ಅದು ಇತ್ತು: ಫೆವಿಕಾನ್, ಫೈಲ್ ಆರಿಸಿ. ಒಬ್ಬಳೇ ಇದ್ದರೂ ಜೋರಾಗಿ ನಕ್ಕೆ.

ನಿಜವಾದ ಕಷ್ಟ ಎದುರಾದದ್ದು ಆಮೇಲೆ. ಆ ಚಿತ್ರದ ಜಾಗ ಅಗಲಕ್ಕೆ ಹದಿನಾರು ಚುಕ್ಕಿ, ಅಂದರೆ ಪಿಕ್ಸೆಲ್, ಎತ್ತರಕ್ಕೆ ಹದಿನಾರು ಚುಕ್ಕಿ, ಅಷ್ಟೇ. ಸಂಘದ ಮುದ್ರೆಯಲ್ಲೋ ಮಗ್ಗ, ನೂಲಿನ ಲಡಿ, ಸೀರೆಯ ಸೆರಗು, ಸುತ್ತಲೂ ಸಂಘದ ಹೆಸರು. ಅದನ್ನು ಬರೆದವರು ಹಿರಿಯ ನೇಕಾರ ಈರಣ್ಣ. ಮುದ್ರೆಯನ್ನು ಹಾಗೇ ಕುಗ್ಗಿಸಿದರೆ ತೆರೆಯ ಮೇಲೆ ಏನೋ ಚೆಲ್ಲಿದ ಕಲೆಯಂತೆ ಕಂಡಿತು. 'ಇ' ಅಕ್ಷರ ಇಟ್ಟು ನೋಡಿದೆ, ಅದರ ಸುರುಳಿಗಳೆಲ್ಲ ಮುಚ್ಚಿ ಉಂಡೆಯಾಯಿತು.

ಸಂಘದ ಸಭೆಯಲ್ಲಿ ವಿಷಯ ಹೇಳಿದೆ. ಮುದ್ರೆ ಬಿಟ್ಟು ಬೇರೆ ಚಿತ್ರ ಬೇಕೆಂದ ಕೂಡಲೇ ಈರಣ್ಣ ಎದ್ದು ನಿಂತರು.

"ಮುದ್ರಿ ಬ್ಯಾಡಂದ್ರ ನಾನೂ ಬ್ಯಾಡ ಅಂದಂಗಾತು. ನನ್ನ ಸೀರಿ ಫೋಟೊನೂ ತಗದಬಿಡ್ರಿ."

ಗಂಗವ್ವನ ಮುಖ ಇಳಿದುಹೋಯಿತು. ಸೈಟಿನಲ್ಲಿದ್ದ ಚೆಂದದ ಸೀರೆಗಳು ಬಹುಪಾಲು ಈರಣ್ಣನವರ ಮಗ್ಗದವೇ. ಖರೀದಿದಾರರು ಬರುವ ಹೊತ್ತಿಗೆ ಅವರು ಹೊರನಡೆದರೆ ತೋರಿಸಲು ಏನು ಉಳಿಯುತ್ತಿತ್ತು? ಮರುದಿನ ಕೇಂದ್ರಕ್ಕೆ ಬರಲು ಅವರನ್ನು ಬೇಡಿಕೊಂಡು ಮನೆಗೆ ಹೋದೆ. ಬಸ್ಸಿನುದ್ದಕ್ಕೂ ಒಂದೇ ಯೋಚನೆ: ಈ ಮುದ್ರೆಯಿಂದ ಏನನ್ನು ತೆಗೆದರೂ ಇಳಕಲ್ ಇಳಕಲ್ಲಾಗಿಯೇ ಉಳಿಯುತ್ತದೆ? ಮಗ್ಗ ಯಾವ ಊರಲ್ಲಿಲ್ಲ? ಗುಳೇದಗುಡ್ಡದಲ್ಲೂ ಮನೆ ಮನೆಗೆ ಇದೆ. ನೂಲೂ ಅಷ್ಟೇ. ಸೆರಗು ಮಾತ್ರ ನಮ್ಮದು. ಕೆಂಪಿನ ಮೇಲೆ ಗೋಪುರದಂತೆ ಏರುವ ಬಿಳಿ ತೆನೆಯ ಚಿತ್ತಾರ.

ಬೆಳಿಗ್ಗೆ ಕೇಂದ್ರದ ಕಂಪ್ಯೂಟರಿನಲ್ಲಿ ಪೇಂಟ್ ತೆರೆದು, ಹದಿನಾರರ ಚೌಕ ಮಾಡಿ, ದೊಡ್ಡದಾಗಿ ಹಿಗ್ಗಿಸಿ, ಒಂದೊಂದೇ ಚುಕ್ಕಿ ತುಂಬಿದೆ. ನೆಲವೆಲ್ಲ ಕೆಂಪು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಒಂದೇ ಒಂದು ಬಿಳಿ ತೆನೆ. ಇನ್ನೊಂದನ್ನೂ ಸೇರಿಸಲು ಆಸೆಯಾಯಿತು, ತಡೆದುಕೊಂಡೆ. ನಿಜವಾದ ಅಳತೆಗೆ ಇಳಿಸಿದಾಗಲೂ ಅದು ಹಾಗೆಯೇ ನಿಂತಿತು.

ಈರಣ್ಣ ಬಂದು ಕನ್ನಡಕ ಏರಿಸಿ ತೆರೆಗೆ ಮೂಗು ತಾಗುವಷ್ಟು ಬಾಗಿದರು.

"ಇದು ಯಾರದು?"

"ನಿಮ್ಮದ ರೀ ಕಾಕಾ. ನಿಮ್ಮ ಮುದ್ರಿಯೊಳಗಿನ ಸೆರಗಿನಿಂದ ಒಂದ ತೆನಿ ತಗದೀನಿ. ಮುದ್ರಿ ಪುಟದ ಮ್ಯಾಲೆ ದೊಡ್ಡದಾಗಿ ಇದ್ದಲ್ಲೇ ಇರ್ತೈತಿ."

ಅವರು ತೆನೆಯ ಮೇಲೆ ಬೆರಳಿಟ್ಟರು. "ಬಿಳೇದು ಇನ್ನೊಂಚೂರು ಬೆಳ್ಳಗ ಮಾಡು," ಎಂದರು. ನನಗೆ ಅಷ್ಟು ಸಾಕಿತ್ತು.

ಉಚಿತವಾಗಿ ಸಿಗುವ ಒಂದು ಸೈಟಿನಲ್ಲಿ ಚಿತ್ರವನ್ನು ಐಕೊ ಎಂಬ ಬಗೆಯ ಫೈಲಾಗಿ ಬದಲಿಸಿ, ಸೆಟ್ಟಿಂಗ್ಸಿನಲ್ಲಿ ಆರಿಸಿ, ಸೇವ್ ಮಾಡಿ, ಪಬ್ಲಿಷ್ ಒತ್ತಿದೆ. ಹಿಂದೆ ಗಂಗವ್ವ, ಈರಣ್ಣ ಇಬ್ಬರೂ ನಿಂತಿದ್ದರು. ಪುಟ ತೆರೆಯಿತು. ಅದೇ ನೀಲಿ ಗುಂಡು! ಮತ್ತೆ ತೆರೆದರೂ ಅದೇ. "ಅಂವಾ ಹುಬ್ಬಳ್ಳ್ಯಾವ ಹೇಳಿದ್ದು ಖರೇನ ಏನು?" ಎಂದರು ಗಂಗವ್ವ, ಮೆಲ್ಲಗೆ.

ಆಗ ಬ್ರೌಸರ್ ಹಳೆಯ ಚಿತ್ರಗಳನ್ನು ತನ್ನಲ್ಲೇ ಕೂಡಿಟ್ಟುಕೊಂಡು ಮತ್ತೆ ಮತ್ತೆ ಅವನ್ನೇ ತೋರಿಸುತ್ತದೆ ಎಂಬುದು ನೆನಪಾಯಿತು. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ನಮ್ಮ ಸೈಟನ್ನು ಎಂದೂ ತೆರೆಯದ ಕಂಪ್ಯೂಟರ್ ಬೇಕಿತ್ತು. ಬಾಗಲಕೋಟೆಯ ನವನಗರದಲ್ಲಿ ಸೈಬರ್ ಕೆಫೆ ನಡೆಸುವ ನನ್ನ ಅತ್ತೆಯ ಮಗಳು ನೂರ್‌ಜಹಾನಳಿಗೆ ಫೋನ್ ಹಚ್ಚಿ, ವಿಳಾಸ ಹೇಳಿ, ಸ್ಪೀಕರ್ ಹಾಕಿದೆ.

"ತಡಿ, ತಗೀಲಿಕ್ಕತ್ತೈತಿ... ಬಂತು. ಮ್ಯಾಲೆ ಕೆಂಪನ್ನ ಚೌಕ ಐತಿ. ಒಳಗ ಬೆಳ್ಳಂದು, ಗೋಪುರ ಇದ್ದಂಗ. ಅಯ್ಯ, ಇದು ನಮ್ಮ ಅಮ್ಮೀಜಾನ್ ಸೀರಿ ಸೆರಗಲ್ಲೇನ?"

ಈರಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

ಪುಣೆಯವರು ಹೇಳಿದಂತೆ ಬಂದರು. ನಮ್ಮ ಕೇಂದ್ರದಲ್ಲೇ ಕುಳಿತು, ನಾನು ಕ್ಯಾಶ್ ಅಳಿಸಿಟ್ಟಿದ್ದ ಕಂಪ್ಯೂಟರಿನಲ್ಲಿ ಪಾಲುದಾರರ ಮುಂದೆ ಸಾಲಾಗಿ ಸೈಟು ತೆರೆದರು. ಎಲ್ಲ ನೀಲಿ ಗುಂಡುಗಳ ನಡುವೆ ಒಂದು ಕೆಂಪು. ಯಾರೂ ತೋರಿಸದೆಯೇ ಅವರ ಕೈ ನೇರವಾಗಿ ಅದರ ಮೇಲೆ ಹೋಯಿತು. ಆರ್ಡರ್ ನಮ್ಮದಾಯಿತು. ಸೀರೆಯ ಗುಣದಿಂದಲೇ ಆಯಿತೆಂದು ನಾನೂ ಒಪ್ಪುತ್ತೇನೆ. ಆದರೆ ಆ ಸೀರೆಯ ಬಾಗಿಲು ಯಾವುದೆಂದು ಅವರಿಗೆ ತೋರಿಸಿದ್ದು ನಾನು.

ಆಮೇಲೆ ಎಷ್ಟೋ ಸೈಟು ಮಾಡಿದೆ, ಕೋಡಿಂಗನ್ನೂ ಅಷ್ಟಿಷ್ಟು ಕಲಿತೆ. ದೊಡ್ಡದನ್ನು ಕುಗ್ಗಿಸಿದ ಮಾತ್ರಕ್ಕೆ ಚಿಕ್ಕದು ಹುಟ್ಟುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ಯಾರಾದರೂ ಕುಳಿತು ತೀರ್ಮಾನಿಸಲೇಬೇಕು. ಅದನ್ನು ಯಾವ ಯಂತ್ರಕ್ಕೂ ಬಿಡದೆ, ಯಾರ ಅಪ್ಪಣೆಗೂ ಕಾಯದೆ, ನನ್ನ ಕೈಯಾರೆ ಮಾಡಿದೆ. ಅದರ ಅಭಿಮಾನ ನನಗೆ ಈಗಲೂ ಇದೆ.