ನನ್ನ ಅಂಗಿಯೊಳಗಿನ ಚೀಲ

ಬಸ್ಸಿನ ಕಿಟಕಿ ಪಕ್ಕ ಕೂತು ಗದ್ದೆ ನೋಡುವ ಸುಖ ನನಗೆ ಗೊತ್ತಾದದ್ದು ಮೂವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಮಾನ್ವಿಯಿಂದ ರಾಯಚೂರಿಗೆ ಹೋಗುವಾಗ ನಾನು ನೋಡುತ್ತಿದ್ದುದು ಜಾಲಿಗಿಡಗಳನ್ನು ಮಾತ್ರ. ಯಾವುದರ ಹಿಂದೆ ಮರೆಯಾಗಿ ಕೂರಬಹುದು ಎಂಬುದನ್ನು ಅರಣ್ಯ ಇಲಾಖೆಯವರೂ ನನ್ನನ್ನೇ ಕೇಳಬೇಕಿತ್ತು. ದೊಡ್ಡ ಕರುಳಿನ ತುಂಬ ಹುಣ್ಣು. ದಿನಕ್ಕೆ ಇಪ್ಪತ್ತು ಸಲ ಓಟ, ರಕ್ತ ಬೇರೆ. ಪಾಠದ ನಡುವೆ ಹುಡುಗರನ್ನು ಬಿಟ್ಟು ಓಡುವ ಮಾಸ್ತರ ಊರಿಗೆಲ್ಲ ನಾನೊಬ್ಬನೇ.

ಕೊನೆಗೆ ಡಾಕ್ಟರು ಆ ಕರುಳನ್ನೇ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು, ಹೊಟ್ಟೆಯದೆಲ್ಲ ಬಂದು ಬೀಳಲು ಅದಕ್ಕೊಂದು ರಬ್ಬರಿನ ಚೀಲ ಕಟ್ಟಿದರು. ದೊಡ್ಡ ಕರುಳು ಐದಡಿ ಉದ್ದವಂತೆ. ಅಂದರೆ ಹೆಚ್ಚುಕಡಿಮೆ ನನ್ನಷ್ಟೇ ಉದ್ದದ್ದನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದೆ. ಇದಾಗಿ ಹನ್ನೆರಡು ವರ್ಷ. ಮೈ ತುಂಬಿತು, ಮಿರ್ಚಿ ಭಜಿ ಕೂಡ ನನ್ನ ಪಾಲಿಗೆ ಮರಳಿ ಬಂತು.

ಆದರೆ ಮೊದಲ ನಾಲ್ಕು ವರ್ಷ ಒಂದೇ ಹೆದರಿಕೆ: ಚೀಲದ ಸಂಗತಿ ಗೊತ್ತಾದರೆ ಯಾರು ನನ್ನ ಪಕ್ಕ ಕೂತು ಉಣ್ಣುತ್ತಾರೆ? ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ದೇವದುರ್ಗದಲ್ಲಿ ತಂಗಿಯ ಮಗಳ ಮದುವೆಯಲ್ಲೂ ಅಕ್ಷತೆ ಹಾಕಿ, "ಉಪವಾಸ ಅದೀನವ್ವಾ" ಎಂದು ಸುಳ್ಳು ಹೇಳಿ ಎದ್ದು ಬಂದೆ. ತಂಗಿ ಮುನಿಸಿಕೊಂಡಳು. ಆ ನಾಲ್ಕು ವರ್ಷ ನಾನು ಹೇಳಿಕೊಂಡಷ್ಟು ಉಪವಾಸ ಯಾವ ಸ್ವಾಮಿಗಳೂ ಮಾಡಿರಲಿಕ್ಕಿಲ್ಲ.

ಆಗೆಲ್ಲ ತಾಲೂಕಿನ ಅಕ್ಕಿ ಹೊರಗೆ ಹೋಗದಂತೆ ಸರಕಾರದವರು ದಾರಿಯಲ್ಲಿ ತಪಾಸಣೆಯ ನಾಕಾ ಹಾಕುತ್ತಿದ್ದರು. ಜನ ಅಂಗಿಯೊಳಗೆ ಅಕ್ಕಿ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಒಂದು ದಿನ ರಾಯಚೂರು ಇನ್ನೇನು ಬಂತು ಎನ್ನುವಾಗ ನಾಕಾದವನು ಬಸ್ಸು ಹತ್ತಿ, ನನ್ನ ಹೊಟ್ಟೆಯ ಉಬ್ಬು ನೋಡಿದ.

"ಓದಿದವರಂಗ ಕಾಣ್ತೀರಿ, ನೀವೂ ಅಕ್ಕಿ ಕಟ್ಕೊಂಡೀರೇನ್ರಿ? ಬಿಚ್ರಿ!" ಎಂದು ಕೈ ಚಾಚಿದ.

ಇಡೀ ಬಸ್ಸು ನನ್ನತ್ತ ತಿರುಗಿತು. ಸಿಟ್ಟು, ನಾಚಿಕೆ ಎರಡೂ ಉಕ್ಕಿ ಬಂದವು. "ಅಕ್ಕಿ ಅಲ್ಲೋ ಯಪ್ಪಾ, ಅಕ್ಕಿ ಉಂಡಮ್ಯಾಲೆ ಏನಾಗ್ತದಲ್ಲ, ಅದು! ಕರುಳು ತೆಗದು ಚೀಲ ಹಾಕ್ಯಾರ. ಬೇಕಾದ್ರ ಮುಟ್ಟಿ ನೋಡು!" ಎಂದು ಒದರಿಬಿಟ್ಟೆ.

ಅವನು ಚಾಚಿದ ಕೈ ಎಳೆದುಕೊಂಡು ಇಳಿದೇ ಹೋದ. ಪಕ್ಕದಲ್ಲಿ ಪೋತ್ನಾಳದಿಂದ ಬಂದ ಮುದುಕಿಯೊಬ್ಬಳು ಕೂತಿದ್ದಳು. ಈಗ ಎದ್ದು ಬೇರೆ ಸೀಟಿಗೆ ಹೋಗುತ್ತಾಳೆ ಎಂದು ತಲೆ ತಗ್ಗಿಸಿದೆ.

"ಯಪ್ಪಾ, ನಿನಗ ಖಾರ ನಡೀತದೇನು?" ಎಂದಳು.

ನಡೆಯುತ್ತದೆ ಎಂದೆ. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅರ್ಧ ನನ್ನ ಕೈಗಿಟ್ಟಳು. ಉಳಿದರ್ಧ ತಾನು ತಿನ್ನುತ್ತ, "ಎಲ್ಲಾರ ಹೊಟ್ಟ್ಯಾಗೂ ಅದೇ ಅದ ತಗೋ. ನಿಂದು ಹೊರಗ ಕಾಣ್ತದ, ಅಷ್ಟ" ಎಂದಳು.

ನಾಲ್ಕು ವರ್ಷದಲ್ಲಿ ಹೊರಗಿನವರ ಪಕ್ಕ ಕೂತು ನಾನು ಉಂಡ ಮೊದಲ ತುತ್ತು ಅದು. ಕಣ್ಣಲ್ಲಿ ದಳದಳ ನೀರು.

"ಖಾರ ಭಾಳ ಆತೇನು?" ಎಂದಳು.

"ಹೌದು ಯವ್ವಾ" ಎಂದು, ಇನ್ನೊಂದು ರೊಟ್ಟಿಗೆ ಕೈ ಒಡ್ಡಿದೆ.