ಅಳದವರಿಗೆ ಟಾಫಿ

ಬೇಸಿಗೆ ರಜೆಯಲ್ಲೂ ನಮ್ಮ ಮನೆಯಲ್ಲಿ ಬೆಳಗ್ಗೆ ನಿಧಾನ ಅನ್ನುವುದೇ ಇಲ್ಲ. ಗುರುಗ್ರಾಮದ ಬಿಸಿಲು ಏಳು ಗಂಟೆಗೇ ಬಾಲ್ಕನಿಯ ನೆಲವನ್ನು ಕಾಯಿಸಿಬಿಡುತ್ತದೆ. ಅಂದೂ ಕುಂಡಗಳಿಗೆ ನೀರು ಹಾಕಿ, ಕುಕ್ಕರಿನಲ್ಲಿ ಬೇಳೆ ಇಟ್ಟು, ತಂತಿಯ ಮೇಲಿದ್ದ ಮಗಳ ಈಜುಡುಗೆಯನ್ನು ತಂದು ಮಡಚುತ್ತಿದ್ದೆ. ಎಷ್ಟು ಹಿಂಡಿ ಒಗೆದರೂ ಅದರಿಂದ ಕ್ಲೋರಿನ್ ವಾಸನೆ ಹೋಗುವುದಿಲ್ಲ. ನನ್ನವರು ಆಫೀಸಿನ ಕ್ಯಾಬ್ ಹತ್ತಿ ಆಗಲೇ ಹೋಗಿದ್ದರು. ಆರು ವರ್ಷದ ಮಗಳು ಮೇಜಿನ ಮುಂದೆ ಕೂತು ಉಪ್ಪಿಟ್ಟಿನ ಸಾಸಿವೆಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

ಕುಕ್ಕರ್ ಕೂಗಿತು.

ಅವಳ ಚಮಚ ಕೆಳಗೆ ಬಿತ್ತು. ಕಣ್ಣು ಬಿಗಿಯಾಗಿ ಮುಚ್ಚಿದಳು, ಕೆನ್ನೆ ಉಬ್ಬಿಸಿದಳು, ಉಸಿರು ನಿಲ್ಲಿಸಿದಳು. ಯಾವುದೋ ಆಟ ಎಂದುಕೊಂಡು ನಾನು ನಕ್ಕೆ. ಮುಖ ಕೆಂಪಾಗುತ್ತ ಬಂತು. ಹೆಗಲು ಕಿವಿಯವರೆಗೆ ಏರಿತ್ತು. ನಗು ನನ್ನ ಬಾಯಲ್ಲೇ ಒಣಗಿತು.

"ಪುಟ್ಟಿ! ಉಸಿರು ಬಿಡು. ಏನೇ ಇದು?"

"ಸೀಟಿ ಬಜೀ ನಾ ಅಮ್ಮಾ," ಅಂದಳು, ಸುಯ್ಯನೆ ಗಾಳಿ ಬಿಟ್ಟು. "ಸೀಟಿ ಬಂದ್ರೆ ಸರ್ ನಮ್ಮ ತಲೆ ನೀರಲ್ಲಿ ಪ್ರೆಸ್ ಮಾಡ್ತಾರೆ. ಮೊದಲೇ ಬ್ರೆತ್ ಹೋಲ್ಡ್ ಮಾಡ್ಬೇಕು."

"ಬೇಡ ಅಂತ ಹೇಳಿದ್ಯಾ ಅವರಿಗೆ?"

"ಅತ್ತರೆ ಎರಡು ಸಲ." ಮತ್ತೆ ಸಾಸಿವೆ ಹೆಕ್ಕತೊಡಗಿದಳು, ಮಳೆ ಬಂದರೆ ಕೊಡೆ ಹಿಡಿಯಬೇಕು ಎಂದು ಹೇಳಿದಷ್ಟೇ ಸಲೀಸಾಗಿ.

ನಮ್ಮ ಸೊಸೈಟಿಯ ಈಜುಕೊಳದ ಆ ತರಬೇತುದಾರನಿಗೆ ಭಾರೀ ಹೆಸರು. ಎಂಥ ಮಗುವಾದರೂ ಒಂದೇ ವಾರದಲ್ಲಿ ಅಳು ನಿಲ್ಲಿಸುತ್ತದಂತೆ. ತಂದೆತಾಯಿಯರಿಗೆ ಒಳಗೆ ಪ್ರವೇಶವಿಲ್ಲ. "ಅಮ್ಮ ಕಂಡರೆ ಮಕ್ಕಳು ನಾಟಕ ಮಾಡುತ್ತವೆ" ಎಂಬುದು ಅವನ ಶಾಸ್ತ್ರ. ನಾವು ತಾಯಂದಿರೆಲ್ಲ ಮಸುಕು ಗಾಜಿನ ಈಚೆ ಕುರ್ಚಿಗಳಲ್ಲಿ ಸಾಲಾಗಿ ಕೂತು ಮೊಬೈಲ್ ನೋಡುತ್ತೇವೆ.

ಅವಳ ಚೀಲಕ್ಕೆ ಟವೆಲ್ ಹಾಕಲು ಹೋದಾಗ ಕೈಗೆ ಏನೋ ಅಂಟಿತು. ಅಡಿಯಲ್ಲಿ ಒಂದು ಹಿಡಿ ಟಾಫಿ, ಒದ್ದೆ ಕಾಗದದೊಳಗೇ ಕರಗಿದ್ದವು. ಅಳದವರಿಗೆ ಸರ್ ಕೊಡುವುದಂತೆ. ಸಕ್ಕರೆ ಡಬ್ಬಿಯನ್ನೂ ಬಿಡದ ನನ್ನ ಮಗಳು ಅವುಗಳಲ್ಲಿ ಒಂದನ್ನೂ ಬಿಚ್ಚಿರಲಿಲ್ಲ.

ನಾನು ಓದಿದ ಕಾನ್ವೆಂಟಿನವರೇ ನಡೆಸುತ್ತಿದ್ದ ಕಾಲೇಜಿನಲ್ಲಿ ಬಿ.ಎ.ಗೆ ಮನಃಶಾಸ್ತ್ರ ತೆಗೆದುಕೊಂಡಿದ್ದೆ. ಮದುವೆಯಾದ ಮೇಲೆ ಅದು ಯಾವ ಕೆಲಸಕ್ಕೂ ಬಂದದ್ದಿಲ್ಲ. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ಕಥೆ ಎಲ್ಲರಿಗೂ ಗೊತ್ತು. ನಾವೂ ಪರೀಕ್ಷೆಗೆ ಅದನ್ನು ಉರು ಹೊಡೆದೆವು. ಒಂದರ ಬೆನ್ನಿಗೆ ಇನ್ನೊಂದು ಬರುತ್ತಿದ್ದರೆ ಜೀವ ಅವೆರಡನ್ನೂ ಗಂಟು ಹಾಕಿಕೊಳ್ಳುತ್ತದೆ. ಆ ಗಂಟು ಹಾಕಿದಲ್ಲೇ ನಿಲ್ಲುವುದಿಲ್ಲ, ಹಬ್ಬುತ್ತದೆ. ಹಾವು ಕಚ್ಚಿದವನಿಗೆ ಹಗ್ಗವೂ ಹಾವು. ಕೊಳದ ಸೀಟಿ ನನ್ನ ಅಡುಗೆಮನೆಯ ಕುಕ್ಕರಿನವರೆಗೆ ಬಂದು ಕೂತಿತ್ತು.

ನಮಗೆ ಆ ಪಾಠ ಮಾಡಿದ ಸಿಸ್ಟರ್ ಇನ್ನೊಂದು ಮಾತು ಹೇಳುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಕಡೆ ಮತ್ತೆ ಮತ್ತೆ ನೋವು ಕೊಟ್ಟರೆ, ಕೊನೆಗೆ ಬಾಗಿಲು ತೆರೆದಿಟ್ಟರೂ ಪ್ರಾಣಿ ಎದ್ದು ಹೋಗುವುದಿಲ್ಲ; ತನ್ನಿಂದ ಏನೂ ಆಗದು ಎಂಬುದನ್ನು ಅದು ಕಲಿತಿರುತ್ತದೆ. ಅದೂ ಕಲಿಕೆಯೇ ಎಂದು ಒತ್ತಿ ಹೇಳುತ್ತಿದ್ದರು. ಅಂದು ಅಂಕಕ್ಕಾಗಿ ಬರೆದ ಸಾಲು ಇಂದು ನನ್ನ ಮೇಜಿನ ಮುಂದೆ ಕೂತು ಸಾಸಿವೆ ಹೆಕ್ಕುತ್ತಿತ್ತು.

ಸೀದಾ ಕೊಳದ ಬಳಿಗೆ ಹೋದೆ. ಮಗಳ ಕೈ ನನ್ನ ಕೈಯಲ್ಲೇ ಇತ್ತು. ಗಾಜಿನ ಬಾಗಿಲು ತಳ್ಳಿದೆ. ಕಾವಲಿನವನು "ಮೇಡಮ್, ಚಪ್ಪಲ್, ಚಪ್ಪಲ್!" ಎನ್ನುತ್ತ ಹಿಂದೆಯೇ ಓಡಿಬಂದ.

ಒಳಗೆ ಅಳುವೇ ಇರಲಿಲ್ಲ. ಅದೇ ಎಲ್ಲಕ್ಕಿಂತ ಘೋರವಾಗಿತ್ತು. ಅಂಚಿನ ಕಂಬಿ ಹಿಡಿದು ಪುಟ್ಟ ಪುಟ್ಟ ಮಕ್ಕಳು ನೀರಿನಲ್ಲಿ ನಿಂತಿದ್ದರು, ಕಣ್ಣೆಲ್ಲ ಅವನ ಕೊರಳಿನ ಸೀಟಿಯ ಮೇಲೆ. ಅವನು ಅದನ್ನು ಬಾಯಿಗೆ ಒಯ್ಯುವ ಮೊದಲೇ ಅಷ್ಟೂ ಮಕ್ಕಳ ಹೆಗಲು ಮೇಲೇರಿದವು. ನೀಲಿ ಟೋಪಿಯ ಹುಡುಗನೊಬ್ಬ ಮುಳುಗಲಿಲ್ಲ. ತರಬೇತುದಾರ ಆ ಹುಡುಗನ ನೆತ್ತಿಯ ಮೇಲೆ ಅಂಗೈ ಇಟ್ಟು ಒತ್ತಿದ. ನಿಂಬೆಹಣ್ಣು ಹಿಂಡುವಂತೆ, ಯಾವ ಅವಸರವೂ ಇಲ್ಲದೆ.

"ಕೈ ತೆಗೀರಿ!" ಎಂದು ಕಿರುಚಿದೆ. ಕನ್ನಡದಲ್ಲೇ. ಆದರೂ ಅರ್ಥವಾಯಿತು ಅವನಿಗೆ.

ಅವನು ನಗುತ್ತಲೇ ಬಂದ. "ಅರೇ ಮೇಡಮ್ ಜೀ, ಬಚ್ಚೇ ಐಸೇ ಹೀ ಸೀಖ್ತೇ ಹೈಂ," ಅಂದ. ಮಕ್ಕಳು ಕಲಿಯುವುದೇ ಹೀಗಂತೆ. ನನ್ನ ಮಗಳತ್ತ ಬೆರಳು ತೋರಿಸಿ, "ಮೊದಲ ದಿನ ಎಷ್ಟು ಅತ್ತಿದ್ದಳು! ಈಗ ಅಳುತ್ತಾಳಾ? ಕಲಿತಳಲ್ಲ!" ಎಂದ.

ಜೋರಾಗಿ ಮಾತಾಡುವವಳಲ್ಲ ನಾನು. ಆಟೋದವನು ಬೇರೆ ದಾರಿ ಹಿಡಿದರೂ "ಭಯ್ಯಾ, ಪ್ಲೀಸ್" ಎಂದೇ ಶುರು ಮಾಡುವವಳು. ಅಂದು ಪ್ಲೀಸ್ ಬಾಯಿಗೆ ಬರಲಿಲ್ಲ. ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ: ಕಲಿತಳು, ಸರಿ, ಏನು ಕಲಿತಳು? ಈಜು ಬಂತಾ? ಕೈ ಬಡಿಯಲು ಬಂತಾ? ಅತ್ತರೆ ಯಾರೂ ಬರುವುದಿಲ್ಲ ಎನ್ನುವುದು ಬಂತು. ದೊಡ್ಡವರ ಕೈ ತಲೆ ಮೇಲೆ ಬಂದರೆ ಉಸಿರು ನಿಲ್ಲಿಸಬೇಕು ಎನ್ನುವುದು ಬಂತು. ನಾಳೆ ಇನ್ಯಾವನೋ ಇವಳ ಮೇಲೆ ಕೈ ಇಟ್ಟಾಗಲೂ ಇವಳು ಸುಮ್ಮನೇ ಇರಬೇಕಾ? ಅದಕ್ಕೂ ಟಾಫಿ ಕೊಡುತ್ತೀಯಾ?

ಅವನ ನಗು ಹೋಯಿತು. ನೀಲಿ ಟೋಪಿಯ ಹುಡುಗ ಕಂಬಿ ಬಿಡದೆ ನನ್ನನ್ನೇ ನೋಡುತ್ತಿದ್ದ. ಅವನ ತಾಯಿ ಗಾಜಿನಾಚೆ ಎಲ್ಲೋ ಕೂತಿದ್ದಳು.

ಮಗಳನ್ನು ಕ್ಲಾಸಿನಿಂದ ಬಿಡಿಸಿ, ಸೊಸೈಟಿಯ ಆಡಳಿತದವರಿಗೆ ದೂರು ಕೊಟ್ಟೆ. "ನೋಡೋಣ ಮೇಡಮ್, ಬೇರೆ ಯಾರೂ ಏನೂ ಹೇಳಿಲ್ಲ" ಎಂಬ ಉತ್ತರ ಬಂತು. ಹೇಳದ ಹಾಗೆ ಕಲಿಸಿದ ಮೇಲೆ ಯಾರು ಹೇಳುತ್ತಾರೆ!

ನನ್ನವರಿಗೆ ಫೋನ್ ಮಾಡಿದೆ. ಅವರದು ಕೊಡಗಿನ ಸೇನೆಯ ಮನೆತನ. ಅಲ್ಲಿ ಮಗು ಬಿದ್ದರೆ ಮೊದಲು ನೋಡುವುದು ನೆಲಕ್ಕೆ ಏನಾದರೂ ಆಯಿತಾ ಎಂದು.

"ಅಯ್ಯೋ, ಇಷ್ಟಕ್ಕೇ ಬಿಡಿಸಿದ್ಯಾ ಮಾರಾಯ್ತಿ? ನಮ್ಮ ಚಿಕ್ಕಪ್ಪ ನನ್ನನ್ನು ಎತ್ತಿ ಹೊಳೆಗೇ ಎಸೆದಿದ್ರು. ಕಲೀಲಿಲ್ವಾ ನಾನು? ಅನುಭವಕ್ಕಿಂತ ದೊಡ್ಡ ಗುರು ಉಂಟಾ?"

"ಗೋವಾದಲ್ಲಿ ಮೂರು ದಿನವೂ ನೀರಿಗಿಳಿಯದೆ ಮರಳಲ್ಲಿ ನಿಂತು ನಮ್ಮೆಲ್ಲರ ಚಪ್ಪಲಿ ಕಾದವರು ಯಾರು?"

ಆ ಕಡೆ ಕೀಬೋರ್ಡಿನ ಟಕಟಕ ನಿಂತಿತು.

"ಯಾರಾದ್ರೂ ಸಾಮಾನು ನೋಡ್ಕೋಬೇಕಲ್ಲ," ಎಂದರು. ಆಮೇಲೆ, "ಬಿಡಿಸಿದ್ದು ಸರಿ. ಇಡ್ತೀನಿ," ಅಂದರು.

ಅನುಭವ ಗುರುವಂತೆ! ಆ ಗುರು ಕಲಿಸುವುದು ನಾವು ಅಂದುಕೊಂಡ ಪಾಠವನ್ನಲ್ಲ. ಹೊಡೆದವನು ಗಣಿತ ಕಲಿಸಿದೆ ಅಂದುಕೊಳ್ಳುತ್ತಾನೆ. ಹುಡುಗ ಗಣಿತದ ಮೇಷ್ಟ್ರನ್ನು ಕಂಡರೆ ಓಣಿ ಬದಲಿಸುವುದನ್ನು ಕಲಿತಿರುತ್ತಾನೆ. ಮೈಗೆ ಏನಾಯಿತೋ ಮೈ ಅದನ್ನೇ ಕಲಿಯುತ್ತದೆ, ಕಲಿಸುವವನ ಉದ್ದೇಶವನ್ನು ಅದು ವಿಚಾರಿಸುವುದಿಲ್ಲ. ಅಳು ನಿಲ್ಲಿಸುವುದು ಸುಲಭ, ಒತ್ತಿ ಹಿಡಿಯಲು ಒಂದು ಕೈ ಸಾಕು. ಆದರೆ ಅಳು ಎಂದರೆ ಮಗು ಇನ್ನೂ ಯಾರನ್ನೋ ಕರೆಯುತ್ತಿದೆ ಎಂದು ಅರ್ಥ. ನನ್ನ ಮಗಳು ಮತ್ತೆ ಕರೆಯುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆಯಲ್ಲಿ ಇಡೀ ಮಧ್ಯಾಹ್ನ ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಳು. ತುಟಿ ಕಚ್ಚಿ, ಉಸಿರು ಹಿಡಿದು, ಸುಮ್ಮನೆ ನಿಂತಳು. ತಬ್ಬಿಕೊಂಡೆ. ಮರದ ಕೊರಡಿನಂತೆ ಸೆಟೆದಿದ್ದಳು.

ಸಂಜೆ ಬಿಸಿಲಿಳಿದ ಮೇಲೆ ಕೆಳಗಿನ ಪಾರ್ಕಿಗೆ ಕರೆದುಕೊಂಡು ಹೋದೆ. ಜೋಕಾಲಿಗೆ ಸಾಲಿತ್ತು. ಇವಳ ಸರದಿ ಬರುವಷ್ಟರಲ್ಲಿ ದೊಡ್ಡ ಹುಡುಗಿಯೊಬ್ಬಳು ನುಗ್ಗಿ ಹತ್ತಿಬಿಟ್ಟಳು. ಮಗಳು ನನ್ನ ಕಡೆ ತಿರುಗಿ ನೋಡಿದಳು. ಗಲ್ಲ ನಡುಗಿತು. ಕೆನ್ನೆ ಉಬ್ಬಿಸಿದಳು, ಬೆಳಗಿನ ಹಾಗೆಯೇ. ಆಮೇಲೆ ಆ ಗಾಳಿ ತಡೆಯಲಾರದೆ ಒಡೆದು ಬಂತು. "ಅಮ್ಮಾ! ಮೇರೀ ಬಾರೀ ಥೀ! ನನ್ನ ಟರ್ನ್ ಅದು!" ಎಂದು ಇಡೀ ಪಾರ್ಕಿಗೆ ಕೇಳುವಂತೆ ಬಾಯಿಬಿಟ್ಟು ಅತ್ತಳು. ಓಡಿಹೋಗಿ ಎತ್ತಿಕೊಂಡೆ. ಸಮಾಧಾನ ಮಾಡಲಿಲ್ಲ. ಅಳು ಪುಟ್ಟಿ, ಅಳು, ಎಂದು ಬೆನ್ನು ತಟ್ಟುತ್ತಿದ್ದೆ.

ಎದುರು ಫ್ಲ್ಯಾಟಿನ ತುಮಕೂರಿನ ಹುಡುಗಿ ತನ್ನ ನಾಲ್ಕು ವರ್ಷದ ಮಗನ ಕೈ ಹಿಡಿದು ವಾಕಿಂಗ್ ಮುಗಿಸಿ ಬರುತ್ತಿದ್ದಳು. ನಮ್ಮನ್ನು ಕಂಡು ನಿಂತು, ಬಾಟಲಿಯ ಮುಚ್ಚಳ ತಿರುಗಿಸುತ್ತ ಅಂದಳು:

"ಅಯ್ಯೋ ಅಕ್ಕಾ, ಕ್ಲಾಸ್ ಬಿಡಿಸಿದ ದಿನಾನೇ ಮತ್ತೆ ಅಳೋಕೆ ಶುರು ಮಾಡಿದ್ಲಾ? ಎಷ್ಟು ಚೆನ್ನಾಗಿ ಸೈಲೆಂಟ್ ಆಗಿದ್ಲು ಪಾಪ. ಅಚ್ಛಾ, ಅವಳ ಜಾಗ ಖಾಲಿ ಇದೆ ಅಲ್ವಾ, ನಮ್ಮವನ ಹೆಸರು ಕೊಟ್ಟುಬಿಡ್ಲಾ?"