ನೀಲಿ ಪರದೆ ಬಾರದ ವಾರ

ಬೀದಿಯವರಿಗೆಲ್ಲ ಅವಳು ಟೈಪಿಂಗ್ ಅಕ್ಕ. ವಿದ್ಯಾರ್ಥಿಗಳ ಪ್ರಬಂಧ, ವಕೀಲರ ಅರ್ಜಿ, ಯಾರದೋ ಮುಗಿಯದ ಆತ್ಮಕಥೆ, ಎಲ್ಲವೂ ಅವಳ ಬೆರಳಿನಡಿ ಹಾದು ಅಚ್ಚುಕಟ್ಟಾಗುತ್ತಿದ್ದವು. ಕೈ ಚುರುಕು, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಅಮ್ಮ. ಅಮ್ಮನ ಶ್ವಾಸಕೋಶ ಸೋತುಹೋಗಿತ್ತು. ಪಕ್ಕದ ಕೋಣೆಯಲ್ಲಿ ಮಂಚದ ಬಳಿ ಆಕ್ಸಿಜನ್ ಮೆಷಿನ್ ಗುಂಯ್‌ಗುಡುತ್ತಿತ್ತು. ಅದನ್ನು ನಿಲ್ಲಿಸಕೂಡದೆಂದು ಡಾಕ್ಟರು ಗಟ್ಟಿಯಾಗಿ ಹೇಳಿದ್ದರು.

ಅಂಥದರಲ್ಲಿ ಕಂಪ್ಯೂಟರ್ ಕೈಕೊಡತೊಡಗಿತು. ನಾಲ್ಕು ಪುಟ ಹೊಡೆಯುವಷ್ಟರಲ್ಲಿ ಪರದೆಯೆಲ್ಲ ನೀಲಿ, ಅದರ ಮೇಲೆ ಯಾರಿಗೂ ಅರ್ಥವಾಗದ ಬಿಳಿ ಅಕ್ಷರ, ಆಮೇಲೆ ತಾನೇ ಆರಿ ತಾನೇ ಹೊತ್ತಿಕೊಳ್ಳುವುದು.

"ಥೂ! ಮತ್ತೆ ಹೋಯ್ತಮ್ಮಾ! ಹೀಗಾದ್ರೆ ಇಬ್ರೂ ಮಣ್ಣು ತಿನ್ಬೇಕು!" ಎಂದು ಅವಳು ಕೂಗುವುದು, ಒಳಗಿನಿಂದ ಅಮ್ಮ ಲೊಚಗುಟ್ಟುವುದು, ಇದೇ ದಿನಚರಿಯಾಯಿತು.

ರಿಪೇರಿಯವನು ಬಂದು ತಲೆ ಕೆರೆದುಕೊಂಡ. "ಇದಕ್ಕೆ ನೂರು ಕಾರಣ ಇರುತ್ತೆ ಅಕ್ಕ. ಒಂದೊಂದಾಗಿ ನೋಡ್ತಾ ಹೋಗ್ಬೇಕು. ಒಂದನ್ನ ಬದಲಾಯಿಸಿ, ಕಾದು ನೋಡಿ. ಮತ್ತೆ ಬಂದ್ರೆ ಇನ್ನೊಂದು."

ಅವಳು ಹಟ ಹಿಡಿದು ಹಾಗೇ ಮಾಡಿದಳು. ಫ್ಯಾನಿನ ಧೂಳು ತೆಗೆದಳು, ನೀಲಿ ಬಂತು. ಒಳಗಿದ್ದದ್ದೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿದಳು, ಬಂತು. ಊಟದ ಹೊತ್ತಿಗೆ ಅಮ್ಮನಿಗೆ ಎಲ್ಲದರ ವರದಿ ಒಪ್ಪಿಸುತ್ತಿದ್ದಳು. ಕೊನೆಗೆ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಬಿಚ್ಚಿ, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದಳು.

ಅಂದು ನೀಲಿ ಬರಲಿಲ್ಲ. ಮರುದಿನವೂ ಇಲ್ಲ. ರಬ್ಬರಿನ ಮಹಿಮೆಯನ್ನು ಬೀದಿಗೆಲ್ಲ ಡಂಗುರ ಸಾರಿದಳು. ಅಮ್ಮನೂ ನಕ್ಕಳು. "ಬಾಗಿಲು ಮುಚ್ಕೊಂಡು ಕೆಲಸ ಮಾಡು ಮಗಳೇ, ಟಕಟಕ ಅಂದ್ರೆ ನಿದ್ದೆ ಬರಲ್ಲ" ಎಂದಳು. ಅಮ್ಮ ಈಚೆಗೆ ಚೆನ್ನಾಗಿ ನಿದ್ದೆ ಮಾಡುತ್ತಾಳೆಂದು ಮಗಳಿಗೆ ಸಮಾಧಾನವೇ ಆಯಿತು.

ವಾರ ಕಳೆದಿತ್ತು. ಕೆಲಸದ ಮಧ್ಯೆ ಕನ್ನಡಕ ಹುಡುಕಿಕೊಂಡು ಒಳಗೆ ಹೋದಳು. ಕೋಣೆ ಸದ್ದಿಲ್ಲದೆ ಬಿದ್ದಿತ್ತು. ಕೊಳವೆ ಅಮ್ಮನ ಮೂಗಿನಲ್ಲೇ ಇತ್ತು, ಮೆಷಿನ್ ಆರಿತ್ತು. ಅಮ್ಮನ ಉಗುರೆಲ್ಲ ಬೂದಿಯ ಬಣ್ಣ.

"ಯಾರಮ್ಮ ಆಫ್ ಮಾಡಿದ್ದು?"

"ನಾನೇ ಕಣೇ. ನೀನು ಮಾಡ್ದ ಹಾಗೇ ನಾನೂ ಒಂದೊಂದಾಗಿ ನೋಡ್ದೆ." ಅಮ್ಮ ಉಸಿರಿಗಾಗಿ ತಡೆದಳು. "ಇದು ನಿಲ್ಸಿದ್ರೆ ನಿಂದು ಕೆಡಲ್ಲ. ನೀನು ಊಟಕ್ಕೆ ಏಳೋ ಹೊತ್ಗೆ ಹಾಕ್ಕೊಳ್ತಿದ್ದೆ."

ಮಗಳು ಓಡಿಹೋಗಿ ಮೆಷಿನ್ ಹಾಕಿದಳು. ಎರಡು ಕೋಣೆಗೂ ಕರೆಂಟು ಒಂದೇ ಹಳೆಯ ಎಕ್ಸ್‌ಟೆನ್ಷನ್ ಬೋರ್ಡಿನಿಂದ. ಎರಡು ಪ್ಲಗ್ಗನ್ನೂ ಅದಕ್ಕೆ ಚುಚ್ಚಿದವಳು ಅವಳೇ. ಎರಡರ ಭಾರವನ್ನು ಅದು ತಾಳುತ್ತಿರಲಿಲ್ಲ, ಅಷ್ಟೇ. ಕಂಪ್ಯೂಟರಿನ ಪ್ಲಗ್ಗು ಕಿತ್ತು ಅಡುಗೆಮನೆಯ ಸ್ವಿಚ್ಚಿಗೆ ಎಳೆದು ಹಾಕಿದಳು. ಎರಡೂ ಒಟ್ಟಿಗೆ ನಡೆದವು. ಹಾಲು ಉಕ್ಕುವಷ್ಟು ಹೊತ್ತಿನ ಕೆಲಸ! ಹಣೆ ಹಣೆ ಚಚ್ಚಿಕೊಂಡಳು.

ಡಾಕ್ಟರು ಬಂದು ನೋಡಿ ದನಿ ತಗ್ಗಿಸಿದರು. "ಹೃದಯ ಪೂರ್ತಿ ದಣಿದಿದೆ. ಎಲ್ಲಿಗೆ ಒಯ್ದರೂ ಅಷ್ಟೇ. ಉಸಿರಿಗೆ ಕಷ್ಟವಾಗದ ಹಾಗೆ ನೋಡಿಕೊಳ್ಳಿ."

ಆದರೆ ಅಮ್ಮ ಹಿಡಿದ ಪಟ್ಟು ಬಿಡುವವಳಲ್ಲ. ಆಚೆಯಿಂದ ಸದ್ದು ನಿಂತರೆ ಸಾಕು, "ಕೆಟ್ಟೋಯ್ತಾ?" ಎಂದು ಕೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಮೆಷಿನ್ನನ್ನೇ ದೂರ ಸರಿಸಿದರೆ ಕೊಳವೆಯನ್ನೇ ಕಿತ್ತುಕೊಂಡಳು. ಎಷ್ಟು ಬಿಡಿಸಿ ಹೇಳಿದರೂ ಆ ಮಂಪರಿನಲ್ಲಿ ಅವಳಿಗೆ ತಿಳಿಯುತ್ತಿರಲಿಲ್ಲ. ಕೀಲಿಗಳ ಸದ್ದು ಕೇಳಿಸಿದಾಗ ಮಾತ್ರ ಕೈ ಸುಮ್ಮನಾಗುತ್ತಿತ್ತು.

ಪಕ್ಕದ ಮನೆಯ ಅತ್ತಿಗೆಯನ್ನು ಅಮ್ಮನ ಬಳಿ ಕೂರಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು, ಮಗಳು ಟೈಪ್ ಮಾಡಲು ಕೂತಳು. ಪುಟ ಹೊಡೆಯುವ ಮನಸ್ಸು ಎಲ್ಲಿ ಬರಬೇಕು? ಕೈಗೆ ಸಿಕ್ಕಿದ ಅಕ್ಷರ, ಸಾಲು ಸಾಲು, ಕಣ್ಣೀರಿನಲ್ಲಿ ಪರದೆಯೇ ಕಾಣುತ್ತಿರಲಿಲ್ಲ. ಅಮ್ಮ ಉಸಿರಾಡುತ್ತಿದ್ದಾಳೆ, ನಿಲ್ಲಿಸಬಾರದು, ಇಷ್ಟೇ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಅತ್ತಿಗೆ ಹೊರಗೆ ಬಂದು ಅವಳ ಭುಜದ ಮೇಲೆ ಕೈಯಿಟ್ಟಳು.

"ಸಾಕು ಕಣೇ. ಇನ್ನು ನಿಲ್ಸು."

ಅವಳು ತಲೆಯೆತ್ತಲಿಲ್ಲ. ಇನ್ನೂ ಜೋರಾಗಿ ಕುಟ್ಟತೊಡಗಿದಳು.